ಆಪ್ತಸಮಾಲೋಚಕರು ಯಾರ ಕಡೆ ನಿಲ್ಲಬೇಕು?

ಕೆಲವು ವರ್ಷಗಳ ಹಿಂದೆ ನೆಂಟರೊಬ್ಬರ ಜೊತೆ ಒಂದು ತಾಲ್ಲೂಕು ಕೇಂದ್ರದ ಕೌನ್ಸೆಲಿಂಗ್ ಆಫೀಸಿಗೆ ಹೋಗಿದ್ದೆ. ಆಫೀಸು ಅಂದರೆ ಒಂದೇ ಕೋಣೆ. ಒಂದು ಕಬ್ಬಿಣದ ಬೀರು, ಟೇಬಲ್ಲು, ನಾಲ್ಕು ಪ್ಲಾಸ್ಟಿಕ್ ಕುರ್ಚಿ. ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ, ಹಾಗಾಗಿ ಒಳಗೆ ಆಡಿದ ಮಾತೆಲ್ಲ ಹೊರಗೆ ಬೆಂಚಿನ ಮೇಲೆ ಕೂತವರಿಗೂ ಕೇಳಿಸುತ್ತಿತ್ತು. ನಮಗಿಂತ ಮೊದಲು ಒಳಗೆ ಹೋದ ಹೆಣ್ಣುಮಗಳ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್ ಇತ್ತು. ಅದರಲ್ಲಿ ಆಧಾರ್ ಜೆರಾಕ್ಸ್, ರೇಷನ್ ಕಾರ್ಡು, ಸರ್ಕಾರಿ ಆಸ್ಪತ್ರೆಯ ಹಳದಿ ಚೀಟಿ. ಗಂಡ ಕೈ ತಿರುಚಿದ್ದ. ಅವನೂ ಪಕ್ಕದಲ್ಲೇ ಕೂತಿದ್ದ.

ಸಮಾಲೋಚಕಿ ಕೆಟ್ಟವರೇನಲ್ಲ. ಕುಡಿಯಲು ನೀರು ಕೊಟ್ಟರು. ಮಧ್ಯೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹೇಳಿದರು: "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರಲ್ಲಮ್ಮ. ಅವನು ಸಿಟ್ಟಲ್ಲಿದ್ದಾಗ ನೀನು ಎದುರು ಮಾತಾಡಬೇಡ. ಸ್ವಲ್ಪ ಹೊಂದ್ಕೊಂಡು ಹೋಗು." ಗಂಡನಿಂದ ಒಂದು ಮುಚ್ಚಳಿಕೆ ಬರೆಸಿಕೊಂಡು ಇಬ್ಬರನ್ನೂ ಒಟ್ಟಿಗೆ ಮನೆಗೆ ಕಳಿಸಿದರು. ರಿಜಿಸ್ಟರಿನಲ್ಲಿ ಒಂದು ಸಾಲು ಬಿತ್ತು: ರಾಜಿ.

ಆ ತಿಂಗಳ ವರದಿಯಲ್ಲಿ ಅದು ಬಗೆಹರಿದ ಕೇಸುಗಳ ಲೆಕ್ಕಕ್ಕೆ ಸೇರಿರುತ್ತದೆ. ಆ ಸಮಾಲೋಚಕಿಯನ್ನು ಕೇಳಿದ್ದರೆ, ನಾನು ಯಾರ ಕಡೆಯೂ ವಾಲಲಿಲ್ಲ, ಇಬ್ಬರಿಗೂ ಬುದ್ಧಿ ಹೇಳಿದೆ ಅನ್ನುತ್ತಿದ್ದರು. ನಿಜವಾಗಿಯೂ ಹಾಗೆ ನಂಬಿದ್ದರು ಅಂತಲೇ ನನಗೆ ಅನ್ನಿಸುತ್ತದೆ. ಅಂದಿನಿಂದ ನನ್ನನ್ನು ಕಾಡುತ್ತಿರುವುದು ಆ ನಂಬಿಕೆಯೇ. ಹೊಡೆದವನಿಗೂ ಹೊಡೆಸಿಕೊಂಡವಳಿಗೂ ಸರಿಸಮನಾಗಿ ಬುದ್ಧಿ ಹೇಳಿದರೆ ಅದು ಯಾರ ಕಡೆಗೂ ವಾಲದ ಮಾತು ಹೇಗಾಗುತ್ತದೆ?

ಆಮೇಲೆ ಇದರ ಬಗ್ಗೆ ಓದುತ್ತಾ ಹೋದಾಗ ಆಶ್ಚರ್ಯವಾಯಿತು. ನಮ್ಮ ಕಾನೂನು ಈ ಪ್ರಶ್ನೆಗೆ ಆಗಲೇ ಉತ್ತರ ಕೊಟ್ಟಿದೆ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣೆಯ 2005ರ ಕಾಯಿದೆಯ ಪ್ರಕಾರ ಕೋರ್ಟು ಕೌನ್ಸೆಲಿಂಗಿಗೆ ಕಳಿಸಬಹುದು. ಆ ಕೌನ್ಸೆಲಿಂಗ್ ಹೇಗೆ ನಡೆಯಬೇಕು ಅನ್ನುವುದು 2006ರ ನಿಯಮಾವಳಿಯ 14ನೇ ನಿಯಮದಲ್ಲಿದೆ. ದೌರ್ಜನ್ಯ ಮಾಡಿದವನು ತಾನು ಯಾಕೆ ಹೊಡೆದೆ ಎಂದು ಸಮರ್ಥನೆ ಕೊಡುವಂತೆಯೇ ಇಲ್ಲ. ಅಂಥ ಸಮರ್ಥನೆಗೆ ಇಲ್ಲಿ ಜಾಗವಿಲ್ಲ ಅನ್ನುವುದನ್ನು ಮಾತು ಶುರುವಾಗುವ ಮೊದಲೇ ಅವನಿಗೆ ತಿಳಿಸಬೇಕು. ಇನ್ನು ಹೊಡೆಯುವುದಿಲ್ಲ ಎಂದು ಅವನು ಬರೆದುಕೊಡಬೇಕು. ಹಿಂಸೆ ನಿಲ್ಲಬೇಕು, ಅದೂ ನೊಂದವಳಿಗೆ ಸಮಾಧಾನವಾಗುವ ರೀತಿಯಲ್ಲಿ ನಿಲ್ಲಬೇಕು ಅನ್ನುವುದೇ ಇಡೀ ಪ್ರಕ್ರಿಯೆಯ ಗುರಿ. ಆ ನಿಯಮ ಕೋರ್ಟು ನೇಮಿಸಿದ ಸಮಾಲೋಚಕರಿಗೆ ಬರೆದದ್ದು, ನಿಜ. ಆದರೆ ಅದರೊಳಗಿನ ವಿಚಾರ ಎಲ್ಲ ಸಮಾಲೋಚಕರಿಗೂ ಬೇಕಾದದ್ದು. "ಅವಳು ಎದುರು ಮಾತಾಡಿದಳು, ಅದಕ್ಕೆ ಹೊಡೆದೆ" ಅನ್ನುವ ಮಾತಿಗೆ ಅಲ್ಲಿ ಜಾಗವಿಲ್ಲ. ನಾನು ನೋಡಿದ ಕೋಣೆಯಲ್ಲಿ ಆ ಮಾತನ್ನು ಗಂಡ ಹೇಳಬೇಕಾಗಿಯೇ ಬರಲಿಲ್ಲ. ಅವನ ಪರವಾಗಿ ಸಮಾಲೋಚಕಿಯೇ ಹೇಳಿದರು.

ಈಗ ಇದನ್ನೆಲ್ಲ ಎತ್ತಲು ಒಂದು ಕಾರಣ ಇದೆ. 2025ರ ಜುಲೈ ಕೊನೆಯಲ್ಲಿ ಸುಪ್ರೀಂ ಕೋರ್ಟು ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ದೇಶಕ್ಕೆಲ್ಲ ಅನ್ವಯಿಸುವ 15 ಮಾರ್ಗಸೂಚಿ ಕೊಟ್ಟಿತು. ವಿಶಾಖಪಟ್ಟಣದಲ್ಲಿ ನೀಟ್ ಪರೀಕ್ಷೆಗೆ ಓದುತ್ತಿದ್ದ 17 ವರ್ಷದ ಹುಡುಗಿಯೊಬ್ಬಳ ಸಾವಿನ ಪ್ರಕರಣದಲ್ಲಿ ಬಂದ ತೀರ್ಪು ಅದು. 100 ಅಥವಾ ಅದಕ್ಕಿಂತ ಜಾಸ್ತಿ ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯಲ್ಲೂ ತರಬೇತಾದ ಕೌನ್ಸೆಲರ್, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತ ಒಬ್ಬರಾದರೂ ಇರಬೇಕು ಎಂದು ಅದು ಹೇಳಿತು. ಹಿಂದುಳಿದ, ದಲಿತ, ಆದಿವಾಸಿ, ಅಂಗವಿಕಲ, ಲೈಂಗಿಕ ಅಲ್ಪಸಂಖ್ಯಾತ ಮಕ್ಕಳ ಜೊತೆ ತಾರತಮ್ಯವಿಲ್ಲದೆ ನಡೆದುಕೊಳ್ಳಲು ಸಿಬ್ಬಂದಿಗೆ ತರಬೇತಿ ಕೊಡಬೇಕು ಎಂದೂ ಹೇಳಿತು. ಅಂದರೆ ಸಾವಿರಾರು ಹೊಸ ಕೌನ್ಸೆಲರ್‌ಗಳು ಬೇಕಾಗುತ್ತಾರೆ. ಅವರು ಆ ಕೋಣೆಯಲ್ಲಿ ಕೂತು ಏನು ಮಾಡುತ್ತಾರೆ? ಮಕ್ಕಳಿಗೆ ಹೊಂದಿಕೊಂಡು ಹೋಗಲು ಕಲಿಸುತ್ತಾರಾ, ಅಥವಾ ಮಕ್ಕಳು ಯಾವುದಕ್ಕೆ ಹೊಂದಿಕೊಳ್ಳಲಾಗದೆ ಒದ್ದಾಡುತ್ತಿದ್ದಾರೋ ಅದನ್ನೂ ನೋಡುತ್ತಾರಾ?

ಎರಡನೆಯದಕ್ಕೆ ಸಮಾಲೋಚನೆಯ ಜಗತ್ತಿನಲ್ಲಿ ಒಂದು ಹೆಸರಿದೆ, ಸಾಮಾಜಿಕ ನ್ಯಾಯದ ವಕಾಲತ್ತು. ನಮ್ಮಲ್ಲಿ ಈ ಮಾತು ಹೇಳಿದರೆ ಸಮಾಲೋಚಕರು ಸ್ವಲ್ಪ ಹಿಂದೆ ಸರಿಯುತ್ತಾರೆ. ಸಾಮಾಜಿಕ ನ್ಯಾಯ ಅಂದ ತಕ್ಷಣ ಕರ್ನಾಟಕದಲ್ಲಿ ನೆನಪಾಗುವುದು ದೇವರಾಜ ಅರಸು, ಹಾವನೂರು ವರದಿ, ಮೀಸಲಾತಿ. ಅದು ವಿಧಾನಸೌಧದ ವಿಷಯ, ಮನಸ್ಸಿನ ವೈದ್ಯಕ್ಕೂ ಅದಕ್ಕೂ ಏನು ಸಂಬಂಧ ಅನ್ನುವ ಭಾವನೆ. ಆದರೆ ಈ ವೃತ್ತಿ ಹುಟ್ಟಿದ್ದೇ ಅಲ್ಲಿಂದ. 1908ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಫ್ರಾಂಕ್ ಪಾರ್ಸನ್ಸ್ ಅನ್ನುವ ಸುಧಾರಕ ಬಡವರ ಮತ್ತು ವಲಸಿಗರ ಮಕ್ಕಳಿಗೆ ಸರಿಯಾದ ಉದ್ಯೋಗ ಹುಡುಕಿಕೊಳ್ಳಲು ನೆರವಾಗುವ ಒಂದು ಕೇಂದ್ರ ತೆರೆದರು. ಇವತ್ತಿನ ಕೌನ್ಸೆಲಿಂಗ್ ವೃತ್ತಿಯ ಬೇರು ಹುಡುಕುವವರು ಅಲ್ಲಿಗೇ ಹೋಗುತ್ತಾರೆ. ಆಮೇಲೆ ಬಹಳ ಕಾಲ ವೃತ್ತಿ ಕೋಣೆಯೊಳಗೆ ಸೇರಿಕೊಂಡಿತು. ಮತ್ತೆ ಹೊರಗೆ ಬಂದದ್ದು ಈಚೆಗೆ. ಅಮೆರಿಕದ ಸಮಾಲೋಚಕರ ಸಂಘ 2003ರಲ್ಲಿ ವಕಾಲತ್ತಿಗೆ ಬೇಕಾದ ಕೌಶಲಗಳ ಚೌಕಟ್ಟನ್ನು ಒಪ್ಪಿಕೊಂಡಿತು. 2014ರ ನೀತಿಸಂಹಿತೆಯಲ್ಲಿ ಸಾಮಾಜಿಕ ನ್ಯಾಯವನ್ನು ವೃತ್ತಿಯ ಮೂಲ ಮೌಲ್ಯಗಳಲ್ಲಿ ಒಂದು ಎಂದು ಬರೆದುಕೊಂಡಿತು.

ಆ ಚೌಕಟ್ಟಿನಲ್ಲಿ ನನಗೆ ಉಪಯೋಗಕ್ಕೆ ಬಂದದ್ದು ಎರಡೇ ಪದ. ಜೊತೆಗೆ, ಮತ್ತು ಪರವಾಗಿ.

ಇಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲಿನಲ್ಲಿರುವ ಒಬ್ಬ ದಲಿತ ಹುಡುಗ ಅಂದುಕೊಳ್ಳಿ. ರಾತ್ರಿ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಲ್ಯಾಬಿಗೆ ಹೋಗುವುದು ಬಿಟ್ಟಿದ್ದಾನೆ. ಮೊದಲ ಭೇಟಿಯಲ್ಲಿ ಇಷ್ಟೇ ಗೊತ್ತಾಗುತ್ತದೆ. ಇದಕ್ಕೆ ಸಮಯ ಪಾಲನೆ, ಉಸಿರಾಟದ ಅಭ್ಯಾಸ, ಬೇಕಿದ್ದರೆ ಮಾತ್ರೆ. ಮೂರನೆಯ ಭೇಟಿಯಲ್ಲಿ ಅವನು ಹೇಳುತ್ತಾನೆ, ಮೊದಲ ವಾರವೇ ಎಲ್ಲರೂ ರ‍್ಯಾಂಕ್ ಎಷ್ಟು ಎಂದು ಕೇಳಿದರು, ಹೇಳಿದ ಮೇಲೆ ಲ್ಯಾಬಿನಲ್ಲಿ ಜೊತೆಗೆ ಯಾರೂ ಸೇರಲಿಲ್ಲ. ರ‍್ಯಾಂಕ್ ಕೇಳುವುದು ಸುಮ್ನೆ ಕುತೂಹಲ ಅಲ್ಲ, ಮೀಸಲಾತಿಯಲ್ಲಿ ಬಂದವನಾ ಎಂದು ಜಾತಿ ತಿಳಿದುಕೊಳ್ಳುವ ದಾರಿ ಅನ್ನುವುದು ಕೇಳುವವರಿಗೂ ಗೊತ್ತು, ಹೇಳುವವರಿಗೂ ಗೊತ್ತು. ಈಗ ಸಮಾಲೋಚಕಿ ಅವನ ಜೊತೆ ಕೂತು, ನಿನಗೆ ಆಗುತ್ತಿರುವುದು ನಿನ್ನ ಕೈಲಾಗದತನ ಅಲ್ಲ, ಇದಕ್ಕೆ ತಾರತಮ್ಯ ಅನ್ನುತ್ತಾರೆ ಎಂದು ಹೇಳಬಹುದು. ದೂರು ಕೊಡಬೇಕೆಂದರೆ ಎಲ್ಲಿ, ಹೇಗೆ ಎಂದು ತೋರಿಸಬಹುದು. ಇದು ಜೊತೆಗಿನ ಕೆಲಸ. ಅವನು ಒಪ್ಪಿದರೆ, ಒಪ್ಪಿದರೆ ಮಾತ್ರ, ಅವಳೇ ವಿಭಾಗದ ಮುಖ್ಯಸ್ಥರ ಹತ್ತಿರ ಹೋಗಿ ಮಾತಾಡಬಹುದು. ಇದು ಪರವಾಗಿ ಮಾಡುವ ಕೆಲಸ. ಒಂದು ಸೆಮಿಸ್ಟರ್ ಕಳೆಯುವ ಹೊತ್ತಿಗೆ ಅದೇ ವಿಭಾಗದ ಇನ್ನೂ ನಾಲ್ಕು ಮಕ್ಕಳು ಬೇರೆ ಬೇರೆ ಕಾರಣ ಹೇಳಿಕೊಂಡು ಬಂದು, ಎಲ್ಲರ ಮಾತೂ ಕೊನೆಗೆ ಅದೇ ಲ್ಯಾಬಿಗೆ ಬಂದು ನಿಂತರೆ?

ವಕಾಲತ್ತು ಬೇಕೇ ಬೇಕು ಎಂದು ನನಗೆ ಖಾತ್ರಿಯಾಗುವುದು ಇಲ್ಲಿ. ಆ ಐದು ಮಕ್ಕಳಿಗೆ ಒಬ್ಬರ ಕಥೆ ಇನ್ನೊಬ್ಬರಿಗೆ ಗೊತ್ತಿಲ್ಲ. ಪ್ರತಿಯೊಬ್ಬರೂ ತಪ್ಪು ತನ್ನದೇ ಎಂದುಕೊಂಡಿದ್ದಾರೆ. ಐದೂ ಕಥೆ ಗೊತ್ತಿರುವುದು ಸಮಾಲೋಚಕಿ ಒಬ್ಬಳಿಗೆ. ಗುಟ್ಟು ಕಾಯುವುದು ಅವಳ ಧರ್ಮ, ಯಾರ ಹೆಸರನ್ನೂ ಅವಳು ಬಿಟ್ಟುಕೊಡುವಂತಿಲ್ಲ, ಐದೇ ಜನ ಇರುವಾಗ ಹೆಸರಿಲ್ಲದೆಯೂ ಗುರುತು ಹತ್ತಬಹುದು ಅನ್ನುವ ಎಚ್ಚರವೂ ಬೇಕು. ಆದರೆ "ಈ ವರ್ಷ ಬಂದ ಮಕ್ಕಳಲ್ಲಿ ಹಲವರು ರ‍್ಯಾಂಕ್ ಕೇಳುವ ವಿಷಯ ಎತ್ತಿದ್ದಾರೆ, ಇದಕ್ಕೊಂದು ನಿಯಮ ಬೇಕು" ಎಂದು ಅವಳು ಹೇಳಬಹುದಲ್ಲ. 2023ರಲ್ಲಿ ಬಾಂಬೆ ಐಐಟಿ, ಸಹಪಾಠಿಗಳ ಜೆಇಇ ರ‍್ಯಾಂಕ್ ಅಥವಾ ಗೇಟ್ ಅಂಕ ಕೇಳುವುದು ಸರಿಯಲ್ಲ ಎಂದು ತನ್ನ ವಿದ್ಯಾರ್ಥಿಗಳಿಗೆ ಬರೆದು ಸೂಚನೆ ಕೊಟ್ಟಿತು. ಅಂಥ ಒಂದು ಸಾಲಿನ ನಿಯಮ ಎಷ್ಟು ಸಮಾಲೋಚನೆಯ ಗಂಟೆಗಳಿಗೆ ಸಮ!

ಬಿಡಿ ಬಿಡಿ ಕಥೆಗಳನ್ನು ಪೋಣಿಸಿ ನೋಡುವ ಈ ಕೆಲಸ ನಮ್ಮ ಊರಿಗೇನೂ ಹೊಸದಲ್ಲ. 1979ರಲ್ಲಿ ಬೆಂಗಳೂರಿನಲ್ಲಿ ಶುರುವಾದ ವಿಮೋಚನಾ ಸಂಘಟನೆಯ ಹೆಂಗಸರು ಸುಟ್ಟ ಗಾಯಗಳಿಂದ ಸತ್ತ ಮದುವೆಯಾದ ಹೆಣ್ಣುಮಕ್ಕಳ ದಾಖಲೆಗಳ ಬೆನ್ನು ಹತ್ತಿದರು. ಕಾಗದದಲ್ಲಿ ಸ್ಟೌ ಸಿಡಿದು ಸಾವು, ಅಡುಗೆ ಮನೆ ಅಪಘಾತ. ಒಂದು ಸ್ಟೌ ಸಿಡಿದರೆ ಅಪಘಾತ. ಆದರೆ ಊರಿನ ಸ್ಟೌಗಳೆಲ್ಲ ಸೊಸೆಯಂದಿರ ಕೈಯಲ್ಲೇ ಯಾಕೆ ಸಿಡಿಯುತ್ತವೆ? ವಾರ್ಡಿನ ಮಂಚದ ಪಕ್ಕ ಕೂತು ಸಮಾಧಾನ ಹೇಳುವುದರ ಜೊತೆಗೆ ಈ ಪ್ರಶ್ನೆಯನ್ನೂ ಕೇಳಿದ್ದಕ್ಕೆ ಅವು ಅಸಹಜ ಸಾವುಗಳು ಅನ್ನುವ ಚರ್ಚೆ ಶುರುವಾಯಿತು. ಮುಂಬೈಯಲ್ಲಿ 2000ದಲ್ಲಿ ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ ಮಹಾನಗರ ಪಾಲಿಕೆ ಮತ್ತು ಸೆಹತ್ ಸಂಸ್ಥೆ ಸೇರಿ ದಿಲಾಸಾ ಅನ್ನುವ ಕೇಂದ್ರ ತೆರೆದವು. ಗಾಯಕ್ಕೆ ಹೊಲಿಗೆ ಹಾಕಿಸಿಕೊಳ್ಳಲು ಬಂದವಳಿಗೆ ಅದೇ ಆಸ್ಪತ್ರೆಯಲ್ಲಿ ಸಮಾಲೋಚನೆಯೂ ಸಿಗಬೇಕು, ಗಾಯ ಹೇಗಾಯಿತು ಎಂದು ಕೇಳುವುದನ್ನು ಡಾಕ್ಟರು, ನರ್ಸುಗಳೂ ಕಲಿಯಬೇಕು ಅನ್ನುವುದು ಅದರ ಹಿಂದಿನ ಆಲೋಚನೆ.

ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಲೆಕ್ಕದಲ್ಲಿ 2022ರಲ್ಲಿ ದೇಶದಲ್ಲಿ 1,70,924 ಜನ ಆತ್ಮಹತ್ಯೆ ಮಾಡಿಕೊಂಡರು. ಅವರಲ್ಲಿ ಶೇ 26ಕ್ಕಿಂತ ಜಾಸ್ತಿ ಜನ ದಿನಗೂಲಿಗಳು. ಅದೇ ವರದಿಯಲ್ಲಿ ಕಾರಣಗಳ ಪಟ್ಟಿಯ ಮೊದಲ ಸ್ಥಾನದಲ್ಲಿರುವುದು ಕುಟುಂಬ ಸಮಸ್ಯೆ, ಶೇ 31.7. ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ಸ್ವಲ್ಪ ಹೊತ್ತು ನೋಡಿ. ಕೂಲಿ ಸಿಗದ ವಾರ ಮನೆಯಲ್ಲಿ ಜಗಳ ಆಗುತ್ತದೆ. ಸಾಲದವನು ಬಾಗಿಲಿಗೆ ಬಂದು ಕೂಗಾಡಿ ಹೋದ ರಾತ್ರಿ ಜಗಳ ಆಗುತ್ತದೆ. ಮಹಜರಿನಲ್ಲಿ ಬರುವುದು ಕೊನೆಯ ಜಗಳ ಮಾತ್ರ. ಸಮಾಲೋಚನೆಯೂ ಆ ಕೊನೆಯ ಜಗಳವನ್ನಷ್ಟೇ ಹಿಡಿದುಕೊಂಡು ಕೂತರೆ ಪೊಲೀಸರ ಫಾರಂ ಮಾಡುವ ತಪ್ಪನ್ನೇ ಮಾಡಿದ ಹಾಗೆ ಆಗುತ್ತದೆ.

ಕಿರುಸಾಲದ ವಿಷಯವನ್ನೇ ತೆಗೆದುಕೊಳ್ಳಿ. 2025ರ ಶುರುವಿನಲ್ಲಿ ಕರ್ನಾಟಕದ ಹಳ್ಳಿಗಳಲ್ಲಿ ಮೈಕ್ರೋಫೈನಾನ್ಸ್ ವಸೂಲಿಗಾರರ ಕಾಟಕ್ಕೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟರು, ಕೆಲವರು ಜೀವ ಕಳೆದುಕೊಂಡರು. ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಆ ದಿನಗಳಲ್ಲಿ ಒಬ್ಬ ಹೆಂಗಸು ಎದೆ ಡವಡವ ಅನ್ನುತ್ತೆ, ಬಾಗಿಲು ಬಡಿದ ಸದ್ದಾದರೆ ಕೈ ನಡುಗುತ್ತೆ ಎಂದು ಸಮಾಲೋಚಕಿಯ ಹತ್ತಿರ ಬಂದಿದ್ದರೆ, ಆತಂಕ ಇಳಿಸುವ ಅಭ್ಯಾಸ ಹೇಳಿಕೊಡುವುದು ತಪ್ಪೇನಲ್ಲ, ಅದೂ ಬೇಕು. ಆದರೆ ಮನೆ ಬಾಗಿಲಿಗೆ ಬಂದು ಬೆದರಿಸುವುದು ಅಪರಾಧ, ಠಾಣೆಗೆ ಹೋಗಬಹುದು, ಬೇಕಿದ್ದರೆ ನಿನ್ನ ಜೊತೆ ಒಬ್ಬರನ್ನು ಕಳಿಸುತ್ತೇನೆ ಎಂದು ಹೇಳದಿದ್ದರೆ ಅದು ಅರ್ಧ ಕೆಲಸ. ಅವಳ ಭಯಕ್ಕೆ ಕಾರಣ ಅವಳ ತಲೆಯೊಳಗಿಲ್ಲ, ಬಾಗಿಲ ಹೊರಗೆ ಬೈಕ್ ನಿಲ್ಲಿಸಿಕೊಂಡು ನಿಂತಿದೆ.

ಹೊರಗಿನದನ್ನು ಬದಲಿಸಿದರೆ ಒಳಗಿನ ನೋವು ಕಡಿಮೆಯಾಗುತ್ತದೆ ಅನ್ನುವುದಕ್ಕೆ ಪುರಾವೆಯೂ ಇದೆ. ಇಂಡೊನೇಷ್ಯಾದಲ್ಲಿ ಬಡ ಕುಟುಂಬಗಳಿಗೆ ಸರ್ಕಾರ ನೇರವಾಗಿ ಹಣ ಕೊಡುವ ಯೋಜನೆಯನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞರಿಗೆ, ಅದರಿಂದ ಆತ್ಮಹತ್ಯೆಗಳು ಸುಮಾರು ಶೇ 18ರಷ್ಟು ಇಳಿದದ್ದು ಕಂಡಿತು. ಶ್ರೀಲಂಕಾದಲ್ಲಿ 1995ರ ಸುಮಾರಿಗೆ ಆತ್ಮಹತ್ಯೆಯ ಪ್ರಮಾಣ ಜಗತ್ತಿನಲ್ಲೇ ಅತಿ ಹೆಚ್ಚಿನದರಲ್ಲಿ ಒಂದಾಗಿತ್ತು. ತುಂಬಾ ವಿಷಕಾರಿಯಾದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸುತ್ತಾ ಬಂದ ಮೇಲೆ ಮುಂದಿನ ಎರಡು ದಶಕಗಳಲ್ಲಿ ಅದು ಮೂರನೇ ಒಂದು ಭಾಗಕ್ಕಿಂತ ಕೆಳಗೆ ಬಂತು. ಅಲ್ಲಿನ ವೈದ್ಯರು, ಸಂಶೋಧಕರು ವರ್ಷಗಟ್ಟಲೆ ಲೆಕ್ಕ ಇಟ್ಟು ಸರ್ಕಾರದ ಮುಂದೆ ಹಿಡಿದದ್ದರ ಫಲ ಅದು. ಹೀಗೆ ಹೇಳಿದೆ ಎಂದು ಸಮಾಲೋಚನೆ ಬೇಡ ಅಂದುಕೊಳ್ಳಬೇಡಿ. ರಾತ್ರಿ ಎರಡು ಗಂಟೆಗೆ ಒಬ್ಬರ ಜೀವ ಉಳಿಸುವುದು ಒಂದು ದನಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ನಮ್ಮ ನಿಮ್ಹಾನ್ಸ್ ಇದರ ಕೇಂದ್ರ ಸಂಸ್ಥೆ. ಈ ಸಂಖ್ಯೆಯನ್ನು ಫೋನಿನಲ್ಲಿ ಸೇವ್ ಮಾಡಿಟ್ಟುಕೊಳ್ಳಿ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಒಂದನ್ನು ನಾನು ತುಂಬಾ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಸಮಾಲೋಚಕರು ನ್ಯಾಯ, ಹೋರಾಟ ಎಂದು ಶುರು ಮಾಡಿದರೆ ಬಂದವರ ಮೇಲೆ ತಮ್ಮ ರಾಜಕೀಯ ಹೇರುವುದಿಲ್ಲವಾ? ಹೇರುವ ಸಾಧ್ಯತೆ ಖಂಡಿತ ಇದೆ. ಗಂಡನನ್ನು ಬಿಟ್ಟು ಬಾ ಎಂದು ಒತ್ತಾಯಿಸುವುದು, ಹೊಂದ್ಕೊಂಡು ಹೋಗು ಎಂದು ಒತ್ತಾಯಿಸುವುದಕ್ಕಿಂತ ಮೇಲೇನಲ್ಲ. ಎರಡರಲ್ಲೂ ಅವಳ ಬದುಕಿನ ತೀರ್ಮಾನವನ್ನು ಇನ್ನೊಬ್ಬರು ಮಾಡಿದ ಹಾಗೆ ಆಯಿತು. ಆ ಹಾಸ್ಟೆಲ್ ಹುಡುಗ, "ಬೇಡ ಮೇಡಂ, ದೂರು ಕೊಟ್ಟರೆ ಇನ್ನೂ ಎರಡು ವರ್ಷ ಇವರ ಜೊತೆಯೇ ಇರಬೇಕು, ಡಿಗ್ರಿ ಮುಗಿಸಿಕೊಂಡು ಹೋಗ್ತೀನಿ" ಅಂದರೆ ಅಲ್ಲಿಗೆ ನಿಲ್ಲಿಸಬೇಕು. ದೂರಿನ ಬೆಲೆ ಕಟ್ಟುವವನು ಅವನು. ವಕಾಲತ್ತು ಮಾಡುವ ಹುಮ್ಮಸ್ಸಿನಲ್ಲಿ ಇದನ್ನು ಮರೆತವರನ್ನು ನಾನು ನೋಡಿದ್ದೇನೆ, ಒಳ್ಳೆಯ ಮನಸ್ಸಿನವರೇ.

ಆದರೆ ಈ ಆಕ್ಷೇಪದ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಯಾವ ಮೌಲ್ಯವನ್ನೂ ಹೇರದ ಸಮಾಲೋಚನೆ ಮೊದಲಿನಿಂದ ನಡೆದುಕೊಂಡು ಬಂದಿತ್ತು, ನ್ಯಾಯದ ಮಾತಾಡುವವರು ಬಂದು ಅದನ್ನು ಕೆಡಿಸಿದರು ಅನ್ನುವುದು ನಿಜವಲ್ಲ. ಸಲಿಂಗಿಗಳನ್ನು ಸರಿಮಾಡುತ್ತೇವೆ ಎಂದು ಕೂರಿಸಿಕೊಂಡು ವರ್ಷಗಟ್ಟಲೆ ಹಿಂಸೆ ಕೊಟ್ಟದ್ದೂ ಚಿಕಿತ್ಸೆಯ ಹೆಸರಿನಲ್ಲೇ. ಅದನ್ನು ನಿಲ್ಲಿಸಲು ಕೋರ್ಟು ಬರಬೇಕಾಯಿತು. 2021ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್, ಲೈಂಗಿಕ ಅಲ್ಪಸಂಖ್ಯಾತರನ್ನು ಔಷಧಿ, ಚಿಕಿತ್ಸೆಯಿಂದ ಬದಲಿಸುವ ಪ್ರಯತ್ನಗಳನ್ನು ನಿಷೇಧಿಸಿದರು. ಮರು ವರ್ಷ ರಾಷ್ಟ್ರೀಯ ವೈದ್ಯಕೀಯ ಆಯೋಗ ಇದನ್ನು ವೃತ್ತಿ ದುರ್ನಡತೆ ಎಂದು ಹೇಳಿತು. ಆ ಪ್ರಕರಣದಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ ಬೇರೆಯೇ. ತೀರ್ಪು ಬರೆಯುವ ಮೊದಲು ನ್ಯಾಯಮೂರ್ತಿಗಳು, ನನಗೆ ಈ ವಿಷಯ ಗೊತ್ತಿಲ್ಲ, ನನ್ನ ಪೂರ್ವಗ್ರಹ ಕಳೆದುಕೊಳ್ಳಬೇಕು ಎಂದು ಹೇಳಿ ತಾವೇ ಒಬ್ಬ ಮನಶ್ಶಾಸ್ತ್ರಜ್ಞೆಯ ಹತ್ತಿರ ಹೋಗಿ ಕೂತು ಕೇಳಿಸಿಕೊಂಡರು. ಹೈಕೋರ್ಟಿನ ನ್ಯಾಯಮೂರ್ತಿ ಅಷ್ಟು ಮಾಡಬಹುದಾದರೆ ಸಮಾಲೋಚಕರ ತರಬೇತಿಯಲ್ಲಿ ಜಾತಿಯ ಬಗ್ಗೆ, ಧರ್ಮದ ಬಗ್ಗೆ, ತಮ್ಮದೇ ಮನೆಯಲ್ಲಿ ಕಲಿತ ಮಾತುಗಳ ಬಗ್ಗೆ ಕೂತು ಯೋಚಿಸುವ ಕೆಲವು ವಾರ ಇರಬಾರದಾ?

ಅಮೆರಿಕದಲ್ಲಿ ಈ ಜಗಳ ಇನ್ನೂ ಜೋರಾಗಿದೆ. ತಮ್ಮ ನಂಬಿಕೆಗೆ ವಿರುದ್ಧವಾದವರನ್ನು ಸಮಾಲೋಚಕರು ಬೇರೆಯವರ ಬಳಿ ಕಳಿಸಿ ಕೈ ತೊಳೆದುಕೊಳ್ಳಬಹುದು ಎಂದು 2016ರಲ್ಲಿ ಟೆನೆಸ್ಸಿ ರಾಜ್ಯ ಕಾನೂನು ಮಾಡಿತು. ಸಮಾಲೋಚಕರ ಸಂಘ ಪ್ರತಿಭಟಿಸಿ ಮರುವರ್ಷದ ತನ್ನ ಸಮ್ಮೇಳನವನ್ನು ಆ ರಾಜ್ಯದ ನ್ಯಾಶ್‌ವಿಲ್‌ನಿಂದ ಬೇರೆ ಕಡೆಗೆ ಸಾಗಿಸಿತು. ಒಂದು ವೃತ್ತಿ ಸಂಘಕ್ಕೆ ಹಾಗೆ ನಿಲ್ಲುವ ಶಕ್ತಿ ಇದೆ ಅನ್ನುವುದೇ ನನಗೆ ಮುಖ್ಯವಾಗಿ ಕಾಣುತ್ತದೆ. ಯಾಕೆಂದರೆ ನಮ್ಮಲ್ಲಿ ತೊಡಕು ಇರುವುದು ಅಲ್ಲೇ.

2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ ತುಂಬಾ ಒಳ್ಳೆಯ ಮಾತು ಹೇಳುತ್ತದೆ. ಜಾತಿ, ವರ್ಗ, ಧರ್ಮ, ಲಿಂಗ, ಲೈಂಗಿಕತೆ ಯಾವುದರ ಆಧಾರದ ಮೇಲೂ ತಾರತಮ್ಯವಿಲ್ಲದ ಸೇವೆ ಪ್ರತಿಯೊಬ್ಬರ ಹಕ್ಕು. ಆದರೆ ಅದೇ ಕಾಯಿದೆ ಯಾರನ್ನು ಮಾನಸಿಕ ಆರೋಗ್ಯ ವೃತ್ತಿಪರರು ಎಂದು ಕರೆಯುತ್ತದೋ ಆ ಪಟ್ಟಿಯಲ್ಲಿ ಮನೋವೈದ್ಯರಿದ್ದಾರೆ, ಕ್ಲಿನಿಕಲ್ ಮನಶ್ಶಾಸ್ತ್ರಜ್ಞರಿದ್ದಾರೆ, ನರ್ಸುಗಳಿದ್ದಾರೆ, ಸಮಾಲೋಚಕರ ಹೆಸರು ಬೇರೆಯಾಗಿ ಇಲ್ಲ. 2021ರ ಇನ್ನೊಂದು ಕಾಯಿದೆ ಅವರನ್ನು ಆರೋಗ್ಯ ವೃತ್ತಿಪರರ ದೊಡ್ಡ ಪಟ್ಟಿಗೆ ಸೇರಿಸಿದೆ. ಈ ಕೆಲಸ ಮಾಡುವ ಎಷ್ಟೋ ಜನ ಗೌರವಧನದ ಮೇಲೆ, ವರ್ಷ ವರ್ಷ ನವೀಕರಿಸುವ ಗುತ್ತಿಗೆಯ ಮೇಲೆ ಇದ್ದಾರೆ. ನಾನು ನೋಡಿದ ಆ ಸಮಾಲೋಚಕಿಯೂ ಹಾಗೇ ಇದ್ದಿರಬೇಕು. ರಾಜಿಗಳ ಸಂಖ್ಯೆಯನ್ನು ತೋರಿಸಿದರೆ ಕೇಂದ್ರಕ್ಕೆ ಹಣ ಬರುತ್ತದೆ ಎಂದಾದರೆ ಅವರು ರಾಜಿಯನ್ನೇ ಮಾಡಿಸುತ್ತಾರೆ. ಕಾಲೇಜಿನ ಆಡಳಿತ ಮಂಡಳಿಯೇ ಸಂಬಳ ಕೊಡುವ ಕೌನ್ಸೆಲರ್, ನಿಮ್ಮ ವಿಭಾಗದಲ್ಲಿ ಜಾತಿ ನೋಡುತ್ತಾರೆ ಎಂದು ಅದೇ ಮಂಡಳಿಗೆ ಹೇಗೆ ಹೇಳಬೇಕು? ಹೇಳಿದರೆ ಮುಂದಿನ ಜೂನ್‌ನಲ್ಲಿ ಅವಳ ಕೆಲಸ ಇರುತ್ತದಾ? ಬೇರೆಯವರಿಗಾಗಿ ನಿಲ್ಲು ಎಂದು ಅವಳಿಗೆ ಹೇಳುವ ನಾವು ಅವಳು ನಿಂತರೆ ಬೀಳದ ಹಾಗೆ ಏನು ವ್ಯವಸ್ಥೆ ಮಾಡಿದ್ದೇವೆ?

ಹಾಗಾಗಿ ನಿಮ್ಮ ಮಗನ ಅಥವಾ ಮಗಳ ಕಾಲೇಜಿನಲ್ಲಿ ಹೊಸದಾಗಿ ಕೌನ್ಸೆಲರ್ ಬಂದಿದ್ದಾರೆ ಎಂದು ಗೊತ್ತಾದರೆ ಪೋಷಕರ ಸಭೆಯಲ್ಲಿ ಎದ್ದು ನಿಂತು ಕೆಲವು ವಿಷಯ ಕೇಳಿ. ಅವರು ಕಾಯಂ ನೌಕರರಾ, ಗುತ್ತಿಗೆಯವರಾ. ಅವರು ಬರೆದಿಡುವ ಟಿಪ್ಪಣಿಗಳನ್ನು ಪ್ರಾಂಶುಪಾಲರು ತರಿಸಿ ಓದಬಹುದಾ. ಒಂದೇ ತೊಂದರೆ ಹಿಡಿದುಕೊಂಡು ಹಲವು ಮಕ್ಕಳು ಬಂದರೆ ಹೆಸರು ಹೇಳದೆ ಅದನ್ನು ಯಾರ ಮುಂದೆ ಇಡುತ್ತಾರೆ, ಇಟ್ಟ ಮೇಲೆ ಉತ್ತರ ಕೊಡಬೇಕಾದವರು ಯಾರು. ಮತ್ತೆ, ಆ ಕೋಣೆಯ ಬಾಗಿಲು ಸರಿಯಾಗಿ ಮುಚ್ಚುತ್ತದಾ ಅಂತಲೂ ಕೇಳಿ.